ಪದಚರ್ಚೆ: 1348ರ ತಾಯಿಯ ಬಾಯಲ್ಲಿ 'ಪ್ಲೇಗು' ಬರಬಹುದಾ?

ಗೆಳೆಯರೇ, ಸ್ವಲ್ಪ ಅವಸರವಿದೆ. ಇಂಗ್ಲೆಂಡಿನ ಡಾರ್ಸೆಟ್ ಕಡಲತೀರದಲ್ಲಿ 1348ರಲ್ಲಿ ನಡೆಯುವ ಕಾದಂಬರಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಬೆನ್ನುಡಿ ಅಚ್ಚಿಗೆ ಹೋಗಬೇಕು. ಆ ವರ್ಷ ಅಲ್ಲಿಗೆ ಬಂದ ಪ್ಲೇಗಿಗೆ ಮೂಲದಲ್ಲಿ ಊರಿನವರು 'ಪೆಸ್ಟಿಲೆನ್ಸ್' ಅನ್ನುತ್ತಾರೆ. 'ಬ್ಲ್ಯಾಕ್ ಡೆತ್' ಆಗಿನವರ ಮಾತಲ್ಲ, ಇಂಗ್ಲಿಷಿನಲ್ಲಿ ಅದು ರೂಢಿಗೆ ಬಂದದ್ದು 19ನೇ ಶತಮಾನದಲ್ಲಿ. ಹಾಗಾಗಿ 'ಕಪ್ಪು ಸಾವು' ಬೇಡ.

ನಾನು ಸಿಕ್ಕಿಹಾಕಿಕೊಂಡಿರುವುದು ಒಂದು ಸಾಲಿನಲ್ಲಿ. ತಾಯಿ ಮಗನ ಅಂಗಿ ಬಿಚ್ಚುತ್ತಾಳೆ. ಕಂಕುಳಲ್ಲಿ ಮೊಟ್ಟೆ ಗಾತ್ರದ ಗಡ್ಡೆ ಕೈಗೆ ಸಿಗುತ್ತದೆ. ಬಾಗಿಲಲ್ಲಿ ನಿಂತ ಗಂಡನಿಗೆ ಒಂದೇ ಒಂದು ಪದ ಹೇಳುತ್ತಾಳೆ. ಆ ಪದ ಕೊಡಿ.

———

ಪಿಡುಗು. ಇದರಲ್ಲಿ ಚರ್ಚೆಗೇನಿದೆ? ತೆಲುಗಿನಲ್ಲಿ ಪಿಡುಗು ಅಂದರೆ ಸಿಡಿಲು. ಇಂಗ್ಲಿಷಿನ ಪ್ಲೇಗ್ ಬಂದದ್ದು ಲ್ಯಾಟಿನ್ನಿನ 'ಪ್ಲಾಗಾ'ದಿಂದ, ಅಂದರೆ ಏಟು. ಬಡಿಯುವುದು ಎರಡರಲ್ಲೂ ಇದೆ. ಇಂಥ ಪದ ಮನೆಯಲ್ಲೇ ಇರುವಾಗ ಊರೆಲ್ಲ ಹುಡುಕುವುದೇಕೆ?

———

ಪಿಡುಗನ್ನು ಪತ್ರಿಕೆಯವರು ಸವೆಸಿ ಮುಗಿಸಿದ್ದಾರೆ. ವರದಕ್ಷಿಣೆ ಪಿಡುಗು, ಬೀದಿನಾಯಿ ಪಿಡುಗು, ಪ್ಲಾಸ್ಟಿಕ್ ಪಿಡುಗು. ಮಗನ ಕಂಕುಳು ಮುಟ್ಟಿದ ತಾಯಿ "ಪಿಡುಗು!" ಅಂದರೆ ಓದುವವರು ನಗುತ್ತಾರೆ.

ಸುಮ್ನೆ 'ಪ್ಲೇಗು' ಅನ್ನಿ. 1898ರಲ್ಲಿ ಅದು ಬೆಂಗಳೂರಿಗೆ ಬಂದಾಗ ನಮ್ಮ ಜನ ನಿಘಂಟು ತೆಗೆದು ಕೂರಲಿಲ್ಲ. ಪ್ಲೇಗಮ್ಮ ಅಂತ ಗುಡಿಯನ್ನೇ ಕಟ್ಟಿದರು. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಪದ ಇನ್ನೂ ಹೊರಗಿನದಾ? ಅದೂ ಬೇಡವಾದರೆ "ಇಲಿ ಬಿತ್ತು" ಅನ್ನಿಸಿ. ನಮ್ಮಜ್ಜಿ ಹಾಗೇ ಅನ್ನುತ್ತಿದ್ದರು. ಇಲಿ ಬಿತ್ತು ಅಂದರೆ ಮುಗೀತು, ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು.

———

ಕೇಳಿದವಳು ನಾನೇ. "ಇಲಿ ಬಿತ್ತು" ಬಲು ಇಷ್ಟವಾಯಿತು, ಆದರೆ ಇಲ್ಲಿ ಆಗಲ್ಲ. 1348ರವರಿಗೆ ಇಲಿಯ ಮೇಲೆ ಅನುಮಾನವೇ ಇರಲಿಲ್ಲ. ಇಲಿಯ ಮೈಮೇಲಿನ ಚಿಗಟದ ಕೈವಾಡ ಗೊತ್ತಾದದ್ದು 1898ರಲ್ಲಿ. ಪ್ಯಾರಿಸ್ಸಿನ ವೈದ್ಯ ಪಂಡಿತರು ರಾಜನಿಗೆ ಕೊಟ್ಟ ವರದಿಯಲ್ಲಿ, 1345ರಲ್ಲಿ ಶನಿ, ಗುರು, ಕುಜ ಕುಂಭದಲ್ಲಿ ಕೂಡಿದ್ದೇ ಕಾರಣ ಎಂದಿದ್ದರು. ನಮ್ಮ 'ಗ್ರಹಚಾರ' ಅಲ್ಲಿ ಅಕ್ಷರಶಃ ಸರಿ! ಗಂಡನ ಬಾಯಿಗೆ ಅದನ್ನು ಹಾಕಿಬಿಟ್ಟೆ.

'ಪ್ಲೇಗು' ಅಂದ ತಕ್ಷಣ ಮುನಿಸಿಪಾಲಿಟಿ ಶೆಡ್ಡು, ಸೂಜಿ ಎಲ್ಲ ಕಣ್ಮುಂದೆ ಬರುತ್ತವೆ. ಪ್ರಕಾಶಕರು ಪುಸ್ತಕದ ಹೆಸರನ್ನೇ 'ಕರಿಮಾರಿ' ಮಾಡೋಣ ಅನ್ನುತ್ತಿದ್ದಾರೆ. ಹೇಗೆ?

———

ಧಾರವಾಡದ ಕಡೆ ಮಾರಿ ಅಂದರ ಮುಖರೀ. ದಿನಾ ಮುಂಜಾನೆ ತೊಳಕೋತೀವಿ. 'ಕರಿಮಾರಿ' ಬಂತು ಅಂದರ ಯಾರೋ ಕಪ್ಪನ್ನ ಮನಷ್ಯಾ ಬಂದಾನ ಅಂತ ಬಾಗಿಲಾ ತೆಗೀತೀವಿ. ವಿಚಾರ ಮಾಡ್ರಿ.

———

'ಹೆಮ್ಮಾರಿ' ಇದೆಯಲ್ಲ. ಅದರಲ್ಲಿ ಯಾರಿಗೂ ಮುಖ ಕಾಣಿಸಲ್ಲ.

———

ಹೆಮ್ಮಾರಿ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ಜೋಡುಪದ, ವ್ಯಾಕರಣಕ್ಕೆ ಒಗ್ಗದ್ದು. ಮಾರಿ ಸಂಸ್ಕೃತ, 'ಸಾಯು' ಎಂಬರ್ಥದ ಮೃ ಧಾತು. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನನ್ನು ಓದಿಕೊಂಡು ಬನ್ನಿ.

———

> ಮಾರಿ ಸಂಸ್ಕೃತ

ಯಾರು ಹೇಳಿದ್ದು? ತಮಿಳಿನಲ್ಲಿ ಮಾರಿ ಅಂದರೆ ಮಳೆ. ಮಾರಿಯಮ್ಮ ಮಳೆ ತಾಯಿ. ಮೃ ಧಾತು ಆಮೇಲೆ ಅಂಟಿಸಿದ ಬಾಲ.

———

ಮಳೆ ತಾಯಿ ರೋಗ ಯಾಕೆ ತರುತ್ತಾಳೋ?

———

ಮಳೆಯಿಲ್ಲದ ಬೇಸಿಗೆಯಲ್ಲೇ ಅಲ್ವಾ ಸಿಡುಬು ಜಾಸ್ತಿ ಆಗುತ್ತಿದ್ದದ್ದು? ಮುನಿಸಿಕೊಂಡಿದ್ದಾಳೆ ಅಂತ ಅರ್ಥ. ಅಷ್ಟೂ ಹೊಳೆಯದಿದ್ದರೆ ಬಿಡಿ.

———

ಪ್ಲೇಗು ಇಂಗ್ಲಿಷು, ಬೇಡ. ಮಾರಿ ಸಂಸ್ಕೃತ, ಬೇಡ. ಇನ್ನು 'ಗುಂಪುಸಾವುಬೇನೆ' ಅಂತ ಕಟ್ಟುತ್ತೀರಾ?

———

ಕಟ್ಟಿದರೆ ತಪ್ಪೇನು? ಕನ್ನಡದಲ್ಲಿ ಕಟ್ಟಿದರೆ ನಗು, ಕಡಲಾಚೆಯಿಂದ ಬಂದರೆ ಕೈಮುಗಿಯುವುದು. 2020ರಲ್ಲಿ ಹದಿನಾಲ್ಕು ದಿನ ಮನೆಯಲ್ಲಿ ಕೂತು 'ಕ್ವಾರಂಟೈನ್' ಅಂದಿರಿ. ಆ ಪದದೊಳಗೆ ಇರುವುದು ಇಟಲಿಯವರ ನಲವತ್ತು ದಿನ. ಹದಿನಾಲ್ಕಕ್ಕೆ ನಲವತ್ತು ಅಂದರೂ ಯಾರೂ ತಕರಾರು ತೆಗೆಯಲಿಲ್ಲ.

———

ನಿಮ್ಮ ಮಾತು ನಿಮಗೇ ತಿರುಗುಬಾಣ. 1377ರಲ್ಲಿ ರಗೂಸಾದವರು (ಈಗಿನ ಕ್ರೊಯೇಷಿಯಾದ ದುಬ್ರೊವ್ನಿಕ್ ಬಂದರು) ಹಡಗಿನವರನ್ನು ಹೊರಗೆ ನಿಲ್ಲಿಸಲು ಶುರು ಮಾಡಿದಾಗ ಮೂವತ್ತೇ ದಿನ ಇತ್ತು. ಲೆಕ್ಕ ಬದಲಾಗುತ್ತಲೇ ಬಂತು, ಪದ ನಿಂತಿತು. ಜನ ಪದವನ್ನು ಬಿಡಿಸಿ ನೋಡಿ ಬಳಸುವುದಿಲ್ಲ.

———

ಬಿಡಿಸಿ ನೋಡದವರಿಗೆ ಈ ಬಳಗದಲ್ಲಿ ಏನು ಕೆಲಸ?

———

ಮತ್ತೆ ನಾನೇ. ಬೆನ್ನುಡಿ ಕಳಿಸಿಯಾಯಿತು. ಅಲ್ಲಿ 'ಹೆಮ್ಮಾರಿ' ಇದೆ. ಅರಿಸಮಾಸದ ಪಾಪ ನನಗಿರಲಿ. 'ಕರಿಮಾರಿ' ಬಿಟ್ಟುಹೋಯಿತು, ಧಾರವಾಡದವರಿಗೆ ಥ್ಯಾಂಕ್ಸ್. ಕಂಕುಳಿನ ಸಾಲಲ್ಲಿ ಮಾತ್ರ ರೋಗದ ಹೆಸರನ್ನೇ ಎತ್ತಲಿಲ್ಲ. ಸಿಡುಬಿಗೆ ನಮ್ಮವರು 'ಅಮ್ಮ' ಅನ್ನುತ್ತಿದ್ದದ್ದು ನೆನಪಾಯಿತು. ತಾಯಿ "ಗಡ್ಡೆ" ಅನ್ನುತ್ತಾಳೆ, ಅಷ್ಟೇ. ಗಂಡ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಹೋಗುತ್ತಾನೆ.

ಈಗ ಮುಖಪುಟದ ಚಿತ್ರ ಬಂದಿದೆ. ಕೊಕ್ಕಿನ ಮುಖವಾಡದ ವೈದ್ಯ! ಅದು 17ನೇ ಶತಮಾನದ ವೇಷ. ಇನ್ನು ಅದಕ್ಕೊಂದು ಜಗಳ ಆಡಬೇಕು.

———

ಗಡ್ಡೆ ಅಲ್ಲ, ಗೆಡ್ಡೆ. ಅಚ್ಚಾಗುವ ಮುಂಚೆ ತಿದ್ದಿ.