ಹಣಕಾಸು ಆಯೋಗದ ಹಂಚಿಕೆ ಯಾವ ನ್ಯಾಯದ ಲೆಕ್ಕ?

ಪ್ರಶ್ನೆ: ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಹಣದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ (2015–20) ಶೇ 4.713 ಇತ್ತು, 15ನೆಯದರಲ್ಲಿ (2021–26) ಶೇ 3.647ಕ್ಕೆ ಇಳಿಯಿತು. ಹೊಡೆತ ಬಿದ್ದದ್ದೆಲ್ಲಿ? ಇದು ಅತಿ ಕೆಳಗಿರುವವರಿಗೆ ಹೆಚ್ಚು ಒಳಿತಾಗಬೇಕು ಎಂದ ತತ್ತ್ವಜ್ಞಾನಿ ಜಾನ್ ರಾಲ್ಸ್ ಹೇಳುವ ನ್ಯಾಯವೇ?

ಉತ್ತರ 1: ಆದಾಯ ಅಂತರದಲ್ಲಿ. 15ನೇ ಆಯೋಗದ ಸೂತ್ರದಲ್ಲಿ ಅದರ ತೂಕವೇ ಶೇ 45 ಇತ್ತು. ಜನಸಂಖ್ಯೆ, ವಿಸ್ತೀರ್ಣ ತಲಾ 15, ಅರಣ್ಯ 10, ಜನನ ದರ ತಗ್ಗಿಸಿದ್ದಕ್ಕೆ 12.5, ತೆರಿಗೆ ಪ್ರಯತ್ನಕ್ಕೆ ಬರೀ 2.5. ಆದಾಯ ಅಂತರ ಎಂದರೆ ಶ್ರೀಮಂತ ರಾಜ್ಯದ ತಲಾ ಆದಾಯಕ್ಕಿಂತ ನೀವೆಷ್ಟು ಕೆಳಗಿದ್ದೀರಿ ಎಂಬುದು; ಅದನ್ನು ಜನಸಂಖ್ಯೆಯಿಂದ ಗುಣಿಸುತ್ತಾರೆ. ಜನಸಂಖ್ಯೆ ಸಮವಿರುವ ಎರಡು ರಾಜ್ಯಗಳಲ್ಲಿ ಒಂದರ ಅಂತರ 10,000 ರೂ., ಇನ್ನೊಂದರದ್ದು 1,00,000 ಎಂದಿಟ್ಟುಕೊಳ್ಳಿ. ಈ ಬಾಬ್ತಿನಲ್ಲಿ ಎರಡನೆಯದಕ್ಕೆ ಹತ್ತು ಪಟ್ಟು.

ಉತ್ತರ 2: ಒಂದು ತಿದ್ದುಪಡಿ. ಆದಾಯ ಅಂತರದ ತೂಕ 14ನೇ ಆಯೋಗದಲ್ಲಿ 50 ಇತ್ತು, ಅಂದರೆ 15ನೆಯದರಲ್ಲಿ ಕಡಿಮೆಯಾಯಿತು. ತಲಾ ಆದಾಯ ಏರಿ ಕುಗ್ಗಿದ್ದು ನಮ್ಮ ಅಂತರ. ಜೊತೆಗೆ 1971ರ ಜನಗಣತಿ ಬಿಟ್ಟು 2011ರದ್ದನ್ನೇ ಹಿಡಿದರು; ಜನಸಂಖ್ಯೆ ಹಿಡಿತದಲ್ಲಿಟ್ಟ ರಾಜ್ಯಗಳಿಗೆ ಅದೂ ಹೊಡೆತ. ಇನ್ನು ತೆರಿಗೆಯ ಮೇಲೆ ಕೇಂದ್ರ ಹಾಕುವ ಹೆಚ್ಚುವರಿ ಸೆಸ್, ಸರ್‌ಚಾರ್ಜ್ ಅಂತೂ ರಾಜ್ಯಗಳಿಗೆ ಹಂಚುವ ಬುಟ್ಟಿಗೇ ಬೀಳುವುದಿಲ್ಲ. ಜಗಳ ಆಡಬೇಕಾದ್ದು ಅಲ್ಲಿ.

ಉತ್ತರ 3: ರಾಲ್ಸ್ ಹೆಸರು ಇಲ್ಲಿ ಪೂರ್ತಿ ಹೊಂದುವುದಿಲ್ಲ. ಅವರ ಲೆಕ್ಕ ಸಮಾಜದ ಅತಿ ಕೆಳಗಿನ ಜನರದ್ದು, ಆಯೋಗದ್ದು ರಾಜ್ಯಗಳ ಸರಾಸರಿಯದ್ದು. ಬೆಂಗಳೂರಿನ ಆದಾಯ ಸೇರಿದೊಡನೆ ಯಾದಗಿರಿಯ ಕೂಲಿಯೂ ಕಾಗದದ ಮೇಲೆ ಶ್ರೀಮಂತ! ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕನ್ನೇ ಘಟಕ ಮಾಡಿಕೊಂಡಿತು. 175ರಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ರಾಲ್ಸ್‌ಗೆ ಹತ್ತಿರದ್ದು ಆ ದಾರಿ.