ಮರಿಬೆಕ್ಕಿನ ಕಿಟ್ ಟೆಸ್ಟ್‌ನಲ್ಲಿ ಎರಡೂ ಪಾಸಿಟಿವ್: ಹೇಗೆ ಓದಿಕೊಳ್ಳುವುದು?

ಕೇಳಿದ್ದು
ಬೀದಿಯಿಂದ ತಂದ ಮೂರೂವರೆ ತಿಂಗಳ ಮರಿ. ಕ್ಲಿನಿಕ್‌ನವರು ರಕ್ತದ ಕಿಟ್ ಟೆಸ್ಟ್ ಮಾಡಿ ‘ಎಫ್‌ಇಎಲ್‌ವಿ ಆಂಟಿಜೆನ್ ಪಾಸಿಟಿವ್, ಗೆರೆ ತೆಳು, ಎಫ್‌ಐವಿ ಆಂಟಿಬಾಡಿ ಪಾಸಿಟಿವ್’ ಎಂದು ಬರೆದುಕೊಟ್ಟಿದ್ದಾರೆ. (ಎಫ್‌ಇಎಲ್‌ವಿ ಅಂದರೆ ಬೆಕ್ಕಿನ ಲ್ಯುಕೇಮಿಯಾ ವೈರಸ್, ಎಫ್‌ಐವಿ ಅಂದರೆ ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್.) ಮರಿ ತಿಂದು ಆಡಿಕೊಂಡಿದೆ. ಮನೆಯಲ್ಲಿ ಇನ್ನೆರಡು ದೊಡ್ಡ ಬೆಕ್ಕುಗಳಿವೆ. ದಯಾಮರಣ ಕೊಡಿಸಿ ಅಂತ ಕೆಲವರು ಹೇಳುತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಪಶುವೈದ್ಯೆ
ದಯಾಮರಣದ ಮಾತು ಬಿಡಿ ಮೇಡಂ, ಒಂದು ಕಿಟ್ ನೋಡಿ ಆ ತೀರ್ಮಾನಕ್ಕೆ ಬರಲೇಬಾರದು. ಚೀಟಿಯಲ್ಲಿ ಎರಡು ಕಡೆ ಪಾಸಿಟಿವ್ ಅಂತಿದ್ದರೂ ಕಿಟ್ ಹುಡುಕಿದ್ದು ಎರಡು ಬೇರೆ ಬೇರೆ ವಸ್ತುಗಳನ್ನು. ಎಫ್‌ಇಎಲ್‌ವಿ ಕಡೆ ಅದು ಹುಡುಕುವುದು ವೈರಸ್ಸಿನದೇ ಪ್ರೋಟೀನು, ಪಿ27; ಇದೇ ಆಂಟಿಜೆನ್. ಎಫ್‌ಐವಿ ಕಡೆ ಹುಡುಕುವುದು ಆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿಯನ್ನು. ಈ ವಯಸ್ಸಿನ ಮರಿಯಲ್ಲಿ ಆಂಟಿಬಾಡಿ ತಾಯಿಯ ಗಿಣ್ಣುಹಾಲಿನಿಂದ ಬಂದಿರಬಹುದು. ತಾಯಿಗೆ ಸೋಂಕಿದ್ದರೂ ಮರಿಗೆ ತಗಲಿರಲೇಬೇಕೆಂದಿಲ್ಲ. ಹಾಗಾಗಿ ಎಫ್‌ಐವಿ ಫಲಿತಾಂಶವನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಆರು ತಿಂಗಳು ತುಂಬಿದ ಮೇಲೆ ಮತ್ತೆ ಮಾಡಿಸಿ. ಆಗಲೂ ಪಾಸಿಟಿವ್ ಬಂದರೆ ಬೇರೆ ಕಂಪನಿಯ ಕಿಟ್‌ನಲ್ಲಿ ಇನ್ನೊಮ್ಮೆ ನೋಡಿ ಸೋಂಕಿದೆ ಎಂದು ಹಿಡಿಯಬೇಕು.

ಎಫ್‌ಇಎಲ್‌ವಿಗೆ ಈ ರಿಯಾಯಿತಿ ಇಲ್ಲ. ತಾಯಿಯ ಆಂಟಿಬಾಡಿಯಿಂದ ಆ ಗೆರೆ ಮೂಡುವುದಿಲ್ಲ. ತಲೆಕೆಡಿಸಿಕೊಳ್ಳಬೇಕಾದ್ದು ಇದಕ್ಕೇ.

ಲ್ಯಾಬ್ ಟೆಕ್ನಿಷಿಯನ್
ತೆಳು ಗೆರೆಯ ಬಗ್ಗೆ ಒಂದು ಮಾತು. ಹೇಳಿದ ಸಮಯದೊಳಗೆ ಮೂಡಿದ ಗೆರೆ ಎಷ್ಟೇ ತೆಳುವಾಗಿದ್ದರೂ ಪಾಸಿಟಿವ್ ಎಂದೇ ಲೆಕ್ಕ. ಆದರೆ ಎಷ್ಟು ನಿಮಿಷಕ್ಕೆ ಓದಿದರು ಅಂತ ಕ್ಲಿನಿಕ್‌ನಲ್ಲಿ ಕೇಳಿ. ಸುಮಾರು ಹತ್ತು ನಿಮಿಷಕ್ಕೆ ಓದಬೇಕಾದ ಕಿಟ್ಟನ್ನು ಮೇಜಿನ ಮೇಲೆ ಮರೆತು ಅರ್ಧ ಗಂಟೆಯ ನಂತರ ನೋಡಿದರೆ, ಒಣಗುವಾಗ ಮೂಡಿದ ಗೆರೆಯೂ ಕಾಣುತ್ತದೆ. ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಸಿ (ಕಂಟ್ರೋಲ್) ಗೆರೆ ಬಾರದಿದ್ದರೆ ಟೆಸ್ಟೇ ರದ್ದು. ರಕ್ತಕಣ ಒಡೆದು ಸೀರಮ್ ಕೆಂಪಾಗಿದ್ದರೂ ಅನುಮಾನ ಬೇಕು. ಸಣ್ಣ ಮರಿಯಿಂದ ತೆಳು ಸೂಜಿಯಲ್ಲಿ ಜೋರಾಗಿ ಎಳೆದರೆ ಹೀಗಾಗುವುದು ಮಾಮೂಲು.

ಖಚಿತಪಡಿಸಲು ಎಫ್‌ಇಎಲ್‌ವಿ ಪ್ರೊವೈರಲ್ ಡಿಎನ್‌ಎ ಪಿಸಿಆರ್ ಎಂದೇ ಹೆಸರು ಹೇಳಿ ಕೇಳಿ; ಬೆಕ್ಕಿನ ಜೀವಕೋಶದೊಳಗೆ ಸೇರಿಕೊಂಡ ವೈರಸ್ಸಿನ ಡಿಎನ್‌ಎಯನ್ನು ಹುಡುಕುವ ಲ್ಯಾಬ್ ಟೆಸ್ಟ್ ಅದು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಅರ್ಧದಿಂದ ಒಂದು ಎಂ.ಎಲ್. ರಕ್ತ ಸಾಕು. ಕುಲುಕದೆ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡವೇ ಬೇಡ, ಅದು ಪಿಸಿಆರ್‌ಗೆ ಅಡ್ಡಿ.

ಪಶುವೈದ್ಯೆ
ಪಿಸಿಆರ್ ಕೂಡ ಪಾಸಿಟಿವ್ ಬಂದರೆ ಸೋಂಕು ಇದೆ. ಆದರೂ ಆಂಟಿಜೆನ್ ಟೆಸ್ಟನ್ನು ಮತ್ತೆ ಮಾಡಿಸಬೇಕು. ಮೊದಲ ಟೆಸ್ಟಿನ ಹದಿನಾರು ವಾರದೊಳಗೆ ಅದು ನೆಗೆಟಿವ್ ಆದರೆ ದೇಹ ವೈರಸ್ಸನ್ನು ಹತೋಟಿಗೆ ತಂದಿದೆ ಎಂದರ್ಥ. ವೈರಸ್ಸಿನ ಡಿಎನ್‌ಎ ಒಳಗೇ ಉಳಿದಿರುತ್ತದೆ, ಆದರೆ ಸಾಮಾನ್ಯವಾಗಿ ಬೇರೆ ಬೆಕ್ಕಿಗೆ ಹರಡುವುದಿಲ್ಲ. ಪಾಸಿಟಿವ್ ಆಗಿಯೇ ಉಳಿದರೆ ಬೆಳೆಯುವ ಸೋಂಕು. ರಕ್ತಹೀನತೆ, ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಬರುವ ಅಪಾಯ ಹೆಚ್ಚು. ಕಿಟ್ ಪಾಸಿಟಿವ್, ಪಿಸಿಆರ್ ನೆಗೆಟಿವ್ ಎಂದಾದರೆ ಕಿಟ್ ತಪ್ಪಿರಬಹುದು, ಒಂದೆರಡು ತಿಂಗಳಿಗೆ ಎರಡನ್ನೂ ಮತ್ತೆ ಮಾಡಿಸಿ. ಎಫ್‌ಐವಿಯಲ್ಲಿ ಮಾತ್ರ ಪಿಸಿಆರ್ ನೆಗೆಟಿವ್ ಬಂತೆಂದು ನಿಶ್ಚಿಂತರಾಗಬೇಡಿ, ವೈರಸ್ಸಿನ ತಳಿಗಳು ಬೇರೆಬೇರೆ ಇರುವುದರಿಂದ ಸೋಂಕು ಟೆಸ್ಟಿಗೆ ಸಿಗದೆ ತಪ್ಪಿಸಿಕೊಳ್ಳಬಹುದು.

ಇನ್ನೊಬ್ಬರು
ಆರೋಗ್ಯವಾಗಿರುವ ಬೆಕ್ಕಿನ ಪಾಸಿಟಿವನ್ನು ಯಾಕೆ ಅನುಮಾನಿಸಬೇಕು ಅನ್ನುವುದಕ್ಕೆ ಒಂದು ಸುಮ್ಮನೆ ಲೆಕ್ಕ. ಸಾವಿರ ಬೆಕ್ಕಿನಲ್ಲಿ ಹತ್ತಕ್ಕೆ ನಿಜವಾಗಿ ಸೋಂಕಿದೆ ಅಂದುಕೊಳ್ಳಿ. ಕಿಟ್ ಆ ಹತ್ತನ್ನೂ ಹಿಡಿದು, ಸೋಂಕಿಲ್ಲದ 990ರಲ್ಲಿ ನೂರಕ್ಕೆ ಎರಡನ್ನು ತಪ್ಪಾಗಿ ಪಾಸಿಟಿವ್ ಅಂದರೂ ಸುಮಾರು ಇಪ್ಪತ್ತು ಸುಳ್ಳು ಪಾಸಿಟಿವ್. ಮೂವತ್ತರಲ್ಲಿ ನಿಜ ಹತ್ತೇ! ಕಿಟ್ ಕೆಟ್ಟದ್ದೇನಲ್ಲ, ರೋಗ ಅಪರೂಪ ಅಷ್ಟೆ. ಜ್ವರ, ಬಿಳಿಚಿದ ಒಸಡು ಇರುವ ಬೀದಿಬೆಕ್ಕಿನಲ್ಲಾದರೆ ಇದೇ ಫಲಿತಾಂಶದ ತೂಕ ಬೇರೆ.

ಕೇಳಿದವರು
ಧನ್ಯವಾದ. ದೊಡ್ಡ ಬೆಕ್ಕುಗಳಿಗೆ ಟ್ರೈಕ್ಯಾಟ್ ಲಸಿಕೆ ಆಗಿದೆ. ಅವುಗಳಿಗೆ ಭಯವಿಲ್ಲ ಅಲ್ವಾ?

ಆಶ್ರಯಧಾಮ ನಡೆಸುವವರು
ಇಲ್ಲ, ಅದು ಪ್ಯಾನ್‌ಲ್ಯೂಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ ಈ ಮೂರು ವೈರಸ್ ರೋಗಗಳಿಗೆ ಮಾತ್ರ. ಎಫ್‌ಇಎಲ್‌ವಿ ಮುಖ್ಯವಾಗಿ ಜೊಲ್ಲಿನಿಂದ ಹರಡುತ್ತದೆ: ಒಂದನ್ನೊಂದು ನೆಕ್ಕುವುದು, ಒಂದೇ ಬಟ್ಟಲು. ಎಫ್‌ಐವಿ ಹೆಚ್ಚಾಗಿ ಆಳವಾದ ಕಚ್ಚುಗಾಯದಿಂದ. ಪಿಸಿಆರ್ ಬರುವ ತನಕ ಮರಿಗೆ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಲಿಟರ್ ಟ್ರೇ. ಎಫ್‌ಇಎಲ್‌ವಿ ಹೊರಗೆ ಒಣಗಿದರೆ ಬೇಗ ಸಾಯುತ್ತದೆ, ಸಾಮಾನ್ಯ ಸೋಪಿನ ನೀರೇ ಸಾಕು. ಮನೆಯೆಲ್ಲ ಫಿನೈಲ್ ಸುರಿಯಬೇಡಿ, ಬೆಕ್ಕಿಗೆ ಅದು ವಿಷ. ಮನುಷ್ಯರಿಗೆ, ನಾಯಿಗೆ ಈ ಎರಡೂ ಅಂಟುವುದಿಲ್ಲ.

ದೊಡ್ಡವೆರಡಕ್ಕೂ ಈಗ ಒಂದು ಟೆಸ್ಟ್ ಮಾಡಿಸಿ. ಇವತ್ತಿನ ನೆಗೆಟಿವ್ ಹಿಂದಿನ ಸ್ಥಿತಿ ಮಾತ್ರ ಹೇಳುತ್ತದೆ. ಮರಿಯ ಜೊತೆ ಕೊನೆಯ ಸಂಪರ್ಕವಾದ ದಿನದಿಂದ ಎಣಿಸಿ ಎಫ್‌ಇಎಲ್‌ವಿಗೆ ಕನಿಷ್ಠ 30 ದಿನ, ಎಫ್‌ಐವಿಗೆ 60 ದಿನ ಕಳೆದ ಮೇಲಿನ ಟೆಸ್ಟೇ ಲೆಕ್ಕಕ್ಕೆ. ಎರಡು ಸಲ ಸೂಜಿ ಚುಚ್ಚಿಸುವುದು ಬೇಡವೆಂದರೆ 60 ದಿನಕ್ಕೇ ಎರಡನ್ನೂ ಒಟ್ಟಿಗೆ ನೋಡುವ ಕಾಂಬೋ ಕಿಟ್ ಮಾಡಿಸಿ. ಆ ನಡುವೆ ಒಂದು ಸಲ ಮರಿ ಬಾಗಿಲ ಸಂದಿಯಿಂದ ನುಸುಳಿ ಅವುಗಳ ಬಟ್ಟಲಿಗೆ ಬಾಯಿ ಹಾಕಿದರೂ ಎಣಿಕೆ ಮೊದಲಿಂದ ಶುರು.