ಎಸ್12 ಸೊನ್ನೆ ಅಂದುಕೊಂಡು ಮೈಕ್ರೋವೇವ್ ಆಂಪ್ಲಿಫೈಯರ್ ಡಿಸೈನ್ ಮಾಡಬಹುದೇ?

ಪ್ರಶ್ನೆ: 2.4 ಗಿಗಾಹರ್ಟ್ಸ್‌ಗೆ ಒಂದೇ ಹಂತದ ಆಂಪ್ಲಿಫೈಯರ್. ಟ್ರಾನ್ಸಿಸ್ಟರ್‌ನ ಎಸ್-ಪ್ಯಾರಾಮೀಟರ್‌ಗಳು (ಸಂಕೇತ ಎಷ್ಟು ಪ್ರತಿಫಲಿಸುತ್ತದೆ, ಎಷ್ಟು ದಾಟುತ್ತದೆ ಎಂಬ ಅಳತೆಗಳು; 50 ಓಮ್ ಆಧಾರ): ಎಸ್11 = 0.70∠−150°, ಎಸ್12 = 0.08∠40°, ಎಸ್21 = 3.0∠60°, ಎಸ್22 = 0.50∠−60°. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಹಿಂದಿರುಗುವ ಸಂಕೇತದ ಅಳತೆಯಾದ ಎಸ್12 ಇಷ್ಟು ಚಿಕ್ಕದಿದೆ. ಸೊನ್ನೆ ಎಂದಿಟ್ಟುಕೊಂಡು ಇನ್‌ಪುಟ್, ಔಟ್‌ಪುಟ್ ಬೇರೆಬೇರೆಯಾಗಿ ಮ್ಯಾಚ್ ಮಾಡಿದರೆ (ಪ್ರತಿಫಲನ ಇಲ್ಲದಂತೆ ಹೊಂದಿಸಿದರೆ) ನಡೆಯುತ್ತದಾ ಸರ್? ಲೆಕ್ಕದಲ್ಲಿ 13.7 ಡಿಬಿ ಗೇನ್ ಬರುತ್ತಿದೆ.

ಉತ್ತರ: ಈ ಟ್ರಾನ್ಸಿಸ್ಟರ್‌ಗೆ ನಡೆಯುವುದಿಲ್ಲ. ಎಸ್12 ಒಂದನ್ನೇ ನೋಡಬೇಡಿ, ಅದು ಎಸ್21 (ಮುಂದಕ್ಕೆ ಹೋಗುವ ಸಂಕೇತದ ವರ್ಧನೆ) ಜೊತೆ ಗುಣಿಸಿಕೊಂಡೇ ಕೆಲಸ ಮಾಡುತ್ತದೆ. ಮೊದಲು ಯು (ಈ ಊಹೆಯಿಂದ ಗೇನ್ ಎಷ್ಟು ತಪ್ಪಬಹುದು ಎಂದು ಹೇಳುವ ಅಂಕಿ) ಲೆಕ್ಕ ಹಾಕಿ: ನಾಲ್ಕೂ ಪರಿಮಾಣಗಳ ಗುಣಲಬ್ಧವನ್ನು (1−ಎಸ್11²)(1−ಎಸ್22²)ರಿಂದ ಭಾಗಿಸಬೇಕು. 0.084 ÷ 0.3825 = 0.22. ಅಂದರೆ ನಿಜವಾದ ಗೇನ್ ನಿಮ್ಮ ಲೆಕ್ಕಕ್ಕಿಂತ 1.7 ಡಿಬಿ ಕಡಿಮೆಯೂ ಆಗಬಹುದು, 2.2 ಡಿಬಿ ಹೆಚ್ಚೂ ಆಗಬಹುದು. ಯು 0.05ರೊಳಗಿದ್ದರೆ ತಪ್ಪು ಅರ್ಧ ಡಿಬಿಯನ್ನೂ ಮುಟ್ಟುವುದಿಲ್ಲ, ಆಗ ಈ ಊಹೆ ಧಾರಾಳವಾಗಿ ಸಾಕು.

ನಿಮ್ಮ ಮ್ಯಾಚಿಂಗ್ (ಸೋರ್ಸ್ ಕಡೆ 0.70∠150°, ಲೋಡ್ ಕಡೆ 0.50∠60°) ಇಟ್ಟು ಎಸ್12 ಸೇರಿಸಿ ನೋಡಿದರೆ ಗೇನ್ 14.9 ಡಿಬಿ. ಆದರೆ ರಿಟರ್ನ್ ಲಾಸ್ (ಹೆಚ್ಚಿದ್ದಷ್ಟೂ ಪ್ರತಿಫಲನ ಕಡಿಮೆ) ಇನ್‌ಪುಟ್‌ನಲ್ಲಿ ಬರೀ 9 ಡಿಬಿ, ಔಟ್‌ಪುಟ್‌ನಲ್ಲಿ 6. ಮ್ಯಾಚ್ ಆಗಿಯೇ ಇಲ್ಲ! ಅದಕ್ಕಿಂತ ಕೆಟ್ಟದ್ದು, ಸ್ಟೆಬಿಲಿಟಿ ಅಳೆಯುವ ಕೆ 0.69, ಅದು 1 ದಾಟಿರಬೇಕು. ಎಸ್12 ಸೊನ್ನೆ ಎಂದಾಗ ಎಸ್11, ಎಸ್22 ಎರಡೂ 1ಕ್ಕಿಂತ ಕಡಿಮೆ ಇದ್ದರೆ ಸಾಕು, ಸ್ಟೇಬಲ್ ಅನ್ನಿಸಿಬಿಡುತ್ತದೆ. ಆಸಿಲೇಷನ್ (ಆಂಪ್ಲಿಫೈಯರ್ ತಾನೇ ಸಂಕೇತ ಹುಟ್ಟಿಸುವ) ಅಪಾಯವನ್ನು ಮರೆಮಾಡುವುದೇ ಈ ಊಹೆ. ನಾನು ಇದನ್ನು ಬಿಡಿ ಎನ್ನುವುದು ಗೇನ್ ತಪ್ಪಿಗಲ್ಲ, ಇದಕ್ಕೇ.

ಪ್ರಶ್ನೆ: ಹಾಗಾದರೆ ಕೆ 1 ದಾಟಿಸುವುದು ಹೇಗೆ? ನಾಯ್ಸ್ ಕೂಡ ಕಡಿಮೆ ಇರಬೇಕು.

ಉತ್ತರ: ರೆಸಿಸ್ಟರ್ ಔಟ್‌ಪುಟ್ ಕಡೆ ಹಾಕಿ, ಇನ್‌ಪುಟ್‌ನಲ್ಲಿಟ್ಟರೆ ಅದರ ನಾಯ್ಸ್ ನೇರವಾಗಿ ಸೇರುತ್ತದೆ. ಸರಣಿಯಲ್ಲಿ 10 ಓಮ್ ಅಥವಾ ಸಮಾಂತರವಾಗಿ 200–300 ಓಮ್‌ನಿಂದ ಸಿಮ್ಯುಲೇಟರ್‌ನಲ್ಲಿ ಶುರು ಮಾಡಿ. ಯಾವುದು ಒಗ್ಗುತ್ತದೆ ಎಂಬುದು ಸ್ಟೆಬಿಲಿಟಿ ವೃತ್ತ (ಸ್ಟೇಬಲ್ ಮತ್ತು ಅನ್‌ಸ್ಟೇಬಲ್ ಲೋಡ್‌ಗಳ ನಡುವಿನ ಗಡಿ) ಸ್ಮಿತ್ ಚಾರ್ಟ್ ಎಂಬ ಪ್ರತಿಫಲನದ ನಕ್ಷೆಯಲ್ಲಿ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ. ಕೆ 1.1 ದಾಟಿ, ಡೆಲ್ಟಾ (ಎಸ್11·ಎಸ್22 − ಎಸ್12·ಎಸ್21ರ ಪರಿಮಾಣ) 1ರೊಳಗಿದ್ದ ಮೇಲೆ ರೆಸಿಸ್ಟರ್ ಸೇರಿದ ಹೊಸ ಎಸ್-ಪ್ಯಾರಾಮೀಟರ್‌ಗಳಿಂದಲೇ ಎರಡೂ ಕಡೆಯ ಮ್ಯಾಚಿಂಗ್ ಒಟ್ಟಿಗೆ ಲೆಕ್ಕ ಹಾಕಿ. ಹಳೆಯವನ್ನು ಬಳಸಿದರೆ ಶ್ರಮವೆಲ್ಲ ವ್ಯರ್ಥ.

2.4ರಲ್ಲಿ ಮಾತ್ರ ನೋಡಿ ನಿಲ್ಲಿಸಬೇಡಿ, 100 ಮೆಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್‌ವರೆಗೆ ಕೆ ನೋಡಿ. ಬಯಾಸ್‌ನ, ಅಂದರೆ ಟ್ರಾನ್ಸಿಸ್ಟರ್‌ಗೆ ಡಿಸಿ ಕೊಡುವ, ಕಾಲು ತರಂಗದ ಗೆರೆ (ಎಫ್‌ಆರ್4 ಬೋರ್ಡ್‌ನಲ್ಲಿ ಸುಮಾರು 17 ಮಿ.ಮೀ.) 2.4ರಲ್ಲಷ್ಟೇ ಓಪನ್ ಆಗಿ ಕಾಣುತ್ತದೆ. ಕೆಳಗಿನ ಆವರ್ತನಗಳಲ್ಲಿ ಅದು ಬೇರೆಯೇ ಲೋಡ್, ಟ್ರಾನ್ಸಿಸ್ಟರ್ ಗೇನ್ ಜಾಸ್ತಿ ಇರುವುದೂ ಅಲ್ಲೇ.

ಇನ್ನೊಬ್ಬರ ಉತ್ತರ: ಎಮಿಟರ್ ಗ್ರೌಂಡ್ ಪೂರ್ತಿ ಸೊನ್ನೆ ಎಂಬುದೂ ಊಹೆಯೇ. 1.6 ಮಿ.ಮೀ. ಬೋರ್ಡ್‌ನ ಒಂದು ವಯಾ (ಪದರಗಳನ್ನು ಜೋಡಿಸುವ ಲೋಹದ ರಂಧ್ರ) ಸುಮಾರು 1 ನ್ಯಾನೋಹೆನ್ರಿ, 2.4ರಲ್ಲಿ 15 ಓಮ್. ಕಾಲಿನ ಪಕ್ಕದಲ್ಲೇ ಮೂರ್ನಾಲ್ಕು ವಯಾ ಕೊಟ್ಟು, ಅವನ್ನೂ ಸಿಮ್ಯುಲೇಷನ್‌ಗೆ ಸೇರಿಸಿ ಕೆ ಮತ್ತೆ ನೋಡಿ.